ನಿಲ್ಲಿಸಿ ಕೆಮ್ಮಿಸಬೇಕಿತ್ತು

ಜೂನ್ 2

ಭಟ್ಕಳದ ಮೊಬೈಲ್ ರಿಪೇರಿ ಅಂಗಡಿಯ ಕೆಲಸ ಮುಗಿಯಿತು. ನಾನಾಗಿ ಬಿಟ್ಟೆನೋ ಅವರು ಬಿಡಿಸಿದರೋ ಎಂದು ಅಮ್ಮ ಕೇಳಿದಳು. ಅವರೇ ಬಿಡಿಸಿದರು. ಗಿರಾಕಿಯೊಬ್ಬರು ಈ ಡಿಸ್‌ಪ್ಲೇ ಒರಿಜಿನಲ್ಲಾ ಎಂದು ಕೇಳಿದರು, ಅಲ್ಲ ಎಂದೆ. ಕೇಳದೆ ಇದ್ದಿದ್ದರೆ ಸುಮ್ಮನಿರುತ್ತಿದ್ದೆ.

ಮಾವಿನಕುರ್ವೆಗೆ ಬಂದು ನೋಡಿದರೆ ಅಪ್ಪನೂ ಮನೆಯಲ್ಲೇ. ನಿನ್ನೆಯಿಂದ ಬೋಟುಗಳಿಗೆ ಮಳೆಗಾಲದ ರಜೆ. ಇನ್ನು ಜುಲೈ ಮುಗಿಯುವ ತನಕ ಅಪ್ಪನಿಗೆ ಬಲೆ ರಿಪೇರಿಯೊಂದೇ ಕೆಲಸ. ನಾಗಪತಿ ತಾಂಡೇಲರ ಬೋಟಿನಲ್ಲಿ ಬಲೆಯ ಜವಾಬ್ದಾರಿ ಎಲ್ಲ ಅಪ್ಪನದೇ. ತಾಂಡೇಲರು ಬೋಟು ನಡೆಸುತ್ತಾರೆ, ಅಪ್ಪ ಬಲೆ ನಡೆಸುತ್ತಾನೆ ಎಂದು ಜನ ಹೇಳುವುದುಂಟು.

ನನಗೆ ಬೇಸರವೇನೂ ಇಲ್ಲ. ಇನ್ನು ಇಡೀ ದಿನ ವಿಡಿಯೊ ನೋಡಬಹುದು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು ಡಾಕ್ಟರಿಕೆಯ ವಿಡಿಯೊ ನೋಡಿ ಏನು ಮಾಡುತ್ತಾನೆ ಎಂದು ಅಂಗಡಿಯಲ್ಲಿ ನಗುತ್ತಿದ್ದರು. ಅವರಲ್ಲಿ ಒಬ್ಬನಿಗೂ ಅಪೆಂಡಿಕ್ಸ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ನನಗೆ ಬರುತ್ತದೆ. ಗಾಯಕ್ಕೆ ಹೊಲಿಗೆ ಹಾಕುವ ನಾಲ್ಕು ಬಗೆಯೂ ಬರುತ್ತದೆ.

ಇವತ್ತು ಐಸಿನಲ್ಲಿದ್ದ ಕೊನೆಯ ಬೊಂಡಾಸನ್ನು, ಅಂದರೆ ಸ್ಕ್ವಿಡ್ಡನ್ನು, ಬ್ಲೇಡಿನಿಂದ ಸೀಳಿ, ಬಲೆಯ ಸಣ್ಣ ನೈಲಾನ್ ದಾರದಲ್ಲಿ ಹೊಲಿದೆ. ಬೊಂಡಾಸಿನ ಮೈ ಮನುಷ್ಯರ ಚರ್ಮದಂತೆಯೇ ಎಳೆದರೆ ಎಳೆಯುತ್ತದೆ, ಸೂಜಿ ಓರೆಯಾದರೆ ಹರಿಯುತ್ತದೆ.

"ಅದ್ನ ಹೊಲಿತ್ಯಾ, ಅಲ್ಲಾ ನಾ ಸಾರು ಮಾಡ್ಲಾ?" ಎಂದಳು ಅಮ್ಮ.

ಸಾರು ಮಾಡಿದಳು. ಉಣ್ಣುವಾಗ ಅಪ್ಪ ಬಾಯಿಂದ ದಾರ ಎಳೆದು ತೆಗೆದು, ಗಂಟನ್ನು ತಿರುಗಿಸಿ ನೋಡಿ, "ಗಟ್ಟಿ ಅದೆ" ಎಂದ. ನನ್ನ ಕೆಲಸವೊಂದನ್ನು ಅಪ್ಪ ಮೆಚ್ಚಿದ್ದು ನೆನಪಿರುವ ಮಟ್ಟಿಗೆ ಇದೇ ಮೊದಲು.

ಜೂನ್ 5

ಬಲೆ ಶೆಡ್ಡಿಗೆ ಹೋಗಿದ್ದೆ. ಎಲ್ಲರೂ ಕಾಲು ಚಾಚಿ ಬಲೆ ಹೆಣೆಯುತ್ತಾ ಕುಳಿತಿರುತ್ತಾರೆ. ರೋಗಿಯನ್ನು ಪರೀಕ್ಷಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊಣಕಾಲಿನ ಕೆಳಗೆ ಬಲೆ ಹೆಣೆಯುವ ದಪ್ಪ ಸೂಜಿಯ ಹಿಡಿಯಿಂದ ತಟ್ಟಿದೆ. ಮೂವರ ಕಾಲು ಸರಿಯಾಗಿ ಜಿಗಿಯಿತು. ನಾಗಪತಿ ತಾಂಡೇಲರದು ಜಿಗಿಯಲಿಲ್ಲ.

"ತಾಂಡೇಲ್ರು ಕಾಲು ಬಿಗಿ ಹಿಡ್ಕಂಡಿದ್ರು," ಎಂದೆ.

"ಹೌದಾ ಮಾರಾಯ, ನೀ ಎಲ್ಲಿ ಕಾಲೇ ಕತ್ತರಿಸ್ತ್ಯಾ ಹೇಳಿ ಹೆದ್ರಿಕೆ ಆತು," ಎಂದರು. ಎಲ್ಲರೂ ನಕ್ಕರು. ಈಗ ನನ್ನನ್ನು ಕಂಡರೆ ಡಾಕ್ಟ್ರು ಬಂದ್ರು ಎನ್ನುತ್ತಾರೆ. ತಮಾಷೆಗೇ ಇರಲಿ. ಕರೆದದ್ದು ಹೌದಲ್ಲ.

ವಿಡಿಯೊ ನೋಡುವುದಕ್ಕೂ ನನ್ನದೊಂದು ಕ್ರಮವಿದೆ. ಒಂದೂವರೆ ಪಟ್ಟು ವೇಗ. ಮೊದಲ ಭಾಗ ಹಾರಿಸುವುದು. ಅಲ್ಲಿ ಡಾಕ್ಟರರು ನಿಂತು ಮಾತಾಡುತ್ತಲೇ ಇರುತ್ತಾರೆ, ಅದು ಶಾಲೆಯ ಪ್ರಾರ್ಥನೆಯ ಹಾಗೆ. ರೋಗಿಯ ಮೈಮೇಲೆ ಕೈ ಇಟ್ಟಲ್ಲಿಂದ ನಾನು ಶುರು ಮಾಡುತ್ತೇನೆ.

ಜೂನ್ 8

ಅಮ್ಮ ಪೇಟೆಗೆ ಹೋಗಿದ್ದಳು. ಅಪ್ಪ ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ಮಲಗಿದ. ಲುಂಗಿ ಸಡಿಲಿಸಿ ಬಲಗಡೆಯ ತೊಡೆಯ ಸಂದಿ ತೋರಿಸಿದ.

"ಇಲ್ಲಿ ಒಂಚೂರು ನೋಡು ತಮಾ. ಅಮ್ಮಂಗೆ ಹೇಳ್ಬೇಡ. ಬೋಟಲ್ಲಿ ಬಲೆ ಎಳೀವಾಗ..."

"ಮಾತಾಡ್ಬೇಡ ಅಪ್ಪಾ, ಹೊಟ್ಟೆ ಬಿಗಿ ಆಗ್ತದೆ," ಎಂದೆ.

ಹರ್ನಿಯಾ ಇರಬಹುದೆಂದು ನನಗೆ ತಕ್ಷಣ ಹೊಳೆಯಿತು. ಆ ವಿಡಿಯೊ ನೋಡಿದ್ದೆ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಒಳಗಿನ ಕರುಳು ಚರ್ಮದಡಿಗೆ ಇಣುಕುತ್ತದೆ. ಅದರಲ್ಲಿ ತೋರಿಸಿದಂತೆಯೇ ಬೆರಳಿಟ್ಟೆ, ಮೇಲಿಂದ ಕೆಳಗೆ ಒತ್ತಿದೆ, ಎಡಗಡೆಯೊಂದಿಗೆ ಹೋಲಿಸಿದೆ. ಊತವಿಲ್ಲ, ಗಂಟಿಲ್ಲ.

"ಎಂತ ಇಲ್ಲ. ನರ ಉಳುಕಿದ್ದು. ಎಣ್ಣೆ ತಿಕ್ಕು," ಎಂದೆ.

"ಎಂತ ಇಲ್ಯಾ?" ಎಂದು ಅಪ್ಪ ಕೇಳಿದ. ಇಲ್ಲ ಎಂದೆ. ಎದ್ದು ಹೋದ. ಸಂಜೆ ಊಟಕ್ಕೆ ಕುಳಿತಾಗ ತನ್ನ ಬಟ್ಟಲಿನ ಮೀನಿನ ತಲೆ ತೆಗೆದು ನನ್ನ ಬಟ್ಟಲಿಗೆ ಹಾಕಿದ. ನಮ್ಮ ಮನೆಯಲ್ಲಿ ತಲೆ ಅಪ್ಪನದು. ಅಮ್ಮ ಇಬ್ಬರನ್ನೂ ನೋಡಿದಳು.

ಜೂನ್ 10

ಶೆಡ್ಡಿನಲ್ಲಿ ಅಪ್ಪ ಹೇಳುತ್ತಿದ್ದ: "ನಮ್ಮ ಲೋಕೇಶ ಕೈ ಇಟ್ಟು ನೋಡ್ದಾ ಅಂದ್ರೆ ಆತು, ಆಸ್ಪತ್ರೆಗೆ ಹೋಗೂದು ಬ್ಯಾಡ." ಯಾವ ಭಾಗವೆಂದು ಮಾತ್ರ ಹೇಳಲಿಲ್ಲ, ಸೊಂಟ ಎಂದ. ನಾನು ಕೇಳಿಸಿಕೊಳ್ಳದವನ ಹಾಗೆ ನೈಲಾನು ಸುತ್ತುತ್ತಾ ಕುಳಿತೆ. ಪೂರ್ತಿ ಕೇಳಿಸಿಕೊಂಡೆ.

ಜೂನ್ 17

ಇವತ್ತು ಬರೆಯುವುದು ಕಷ್ಟ, ಆದರೂ ಇದ್ದದ್ದನ್ನು ಬರೆಯುತ್ತೇನೆ.

ಬಾವಿಕಟ್ಟೆಯಲ್ಲಿ ಅಪ್ಪ ಒದ್ದೆ ಲುಂಗಿ ಬದಲಿಸುತ್ತಿದ್ದಾಗ ಸೊಂಟದ ಸುತ್ತ ಬಲೆಹಗ್ಗ ಕಂಡಿತು. ಹಗ್ಗಕ್ಕೆ ಬಲೆಯ ಬೆಂಡು ಪೋಣಿಸಿದ್ದಾನೆ, ಬಲೆಯ ಮೇಲಂಚು ತೇಲಲೆಂದು ಕಟ್ಟುತ್ತೇವಲ್ಲ, ಅದೇ ಬೆಂಡು. ಅದನ್ನು ತೊಡೆಯ ಸಂದಿಗೆ ಒತ್ತಿ ಬಿಗಿದಿದ್ದಾನೆ. ಇಂದು ನಿನ್ನೆ ಕಟ್ಟಿದ್ದಲ್ಲ. ಅಂಚೆಲ್ಲ ಸವೆದು ಮೈಯ ಆಕಾರಕ್ಕೆ ಬಂದಿತ್ತು.

ನರ ಉಳುಕಿದವನು ಬೆಂಡು ಒತ್ತಿಕೊಳ್ಳುವುದಿಲ್ಲ. ಏನೋ ಹೊರಗೆ ಬರುತ್ತಿದ್ದರೆ ಒತ್ತಿಕೊಳ್ಳುತ್ತಾನೆ.

ಜೂನ್ 18

ವಿಡಿಯೊವನ್ನು ಮೊದಲಿಂದ ನೋಡಿದೆ, ಮಾಮೂಲಿ ವೇಗದಲ್ಲಿ. ನಾನು ಹಾರಿಸಿದ ಭಾಗದಲ್ಲಿ ಡಾಕ್ಟರರು ಹೇಳಿರುವುದು ಇಷ್ಟು. ಕೈ ತೊಳೆಯಿರಿ. ರೋಗಿಯ ಒಪ್ಪಿಗೆ ಕೇಳಿ. ಪರದೆ ಎಳೆಯಿರಿ. ಎಲ್ಲಿ, ಯಾವಾಗಿನಿಂದ, ಏನು ಮಾಡಿದಾಗ ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕಾಯಿರಿ. ಆಮೇಲೆ ರೋಗಿಯನ್ನು ನಿಲ್ಲಿಸಿ, ಕೆಮ್ಮಲು ಹೇಳಿ. ಮಲಗಿಸಿ ನೋಡುವುದು ಕೊನೆಗೆ. ಮಲಗಿದರೆ ಹರ್ನಿಯಾ ತಾನಾಗಿ ಒಳಗೆ ಸರಿದು ಏನೂ ಇಲ್ಲದಂತೆ ಕಾಣಬಹುದು.

ನಾನು ಮಲಗಿಸಿಯೇ ನೋಡಿದ್ದೆ. ಅಪ್ಪ ತಾನೇ ಮಲಗಿದ, ನಾನು ಎಬ್ಬಿಸಲಿಲ್ಲ.

ಕೊನೆಯಲ್ಲಿ ಇನ್ನೊಂದು ಮಾತಿದೆ. ಹೊರಬಂದ ಕರುಳು ಅಲ್ಲೇ ಸಿಕ್ಕಿಕೊಂಡರೆ ರಕ್ತ ಹೋಗದೆ ಕೆಲವೇ ತಾಸಿನಲ್ಲಿ ಕೊಳೆಯಲು ತೊಡಗುತ್ತದೆ, ಕೂಡಲೇ ಆಪರೇಶನ್ ಆಗಬೇಕು. ಬೋಟು ಆಳಕ್ಕೆ ಹೋದರೆ ದಡ ಸೇರಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ರಜೆ ಮುಗಿದು ಅಪ್ಪ ಬೋಟು ಹತ್ತುವ ಮೊದಲೇ ಆಪರೇಶನ್ ಆಗಬೇಕು.

ಜೂನ್ 19

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಅವನು ನಂಬಲಿಲ್ಲ. ನಂಬಲು ಮನಸ್ಸು ಮಾಡಲಿಲ್ಲ ಎಂದರೇ ಸರಿ.

"ಆ ದಿನ ಎಂತ ಇಲ್ಲ ಹೇಳಿದ್ದು ಯಾರು?"

"ನಾನೇ. ತಪ್ಪು ಹೇಳ್ದೆ."

"ಹಂಗಾರೆ ಈಗ ಹೇಳೂದು ತಪ್ಪಲ್ಲ ಹೇಳಿ ಹೆಂಗೆ?"

ಅಪ್ಪ ಶೆಡ್ಡಿಗೆ ನಡೆದ. ನಾನೂ ಹಿಂದೆಯೇ ಹೋದೆ. ಎಲ್ಲರೆದುರು ನನ್ನನ್ನು ಹೊಗಳಿದ್ದನಲ್ಲ, ಎಲ್ಲರೆದುರೇ ಸರಿಪಡಿಸಬೇಕು ಎನಿಸಿತು. ಬಾಗಿಲಲ್ಲಿ ನಿಂತು ಹೇಳಿದೆ: ಅಪ್ಪನಿಗೆ ಸೊಂಟದ ನೋವಲ್ಲ, ಹರ್ನಿಯಾ, ತೊಡೆಯ ಸಂದಿಯಲ್ಲಿ, ಬಲೆಯ ಬೆಂಡು ಕಟ್ಟಿಕೊಂಡಿದ್ದಾನೆ, ನಾನು ನೋಡಿ ಹೇಳಿದ್ದು ತಪ್ಪು.

ಸೂಜಿಗಳೆಲ್ಲ ನಿಂತವು. ಆಮೇಲೆ ನಾಗಪತಿ ತಾಂಡೇಲರು, "ಬೆಂಡು ಕಟ್ಟಿದ್ದು ಒಳ್ಳೇದೇ ಆತು ವೆಂಕಟಣ್ಣ, ಸಮುದ್ರಕ್ಕೆ ಬಿದ್ರೂ ಮುಳ್ಗೂದಿಲ್ಲ ನೀನು," ಎಂದರು.

ನಕ್ಕವರನ್ನು ಅಪ್ಪ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೈಯಲ್ಲಿದ್ದ ಗಂಟನ್ನು ಪೂರ್ತಿ ಮಾಡಿ, ದಾರ ಕತ್ತರಿಸಿ, ಎದ್ದು ಹೋದ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಜೂನ್ 20

ಅಪ್ಪ ಮಾತಾಡಲಿಲ್ಲ.

ಜೂನ್ 22

ಇವತ್ತೂ ಇಲ್ಲ. ಶೆಡ್ಡಿಗೂ ಹೋಗುತ್ತಿಲ್ಲ. ಬಲೆಯನ್ನು ಮನೆಯ ಜಗಲಿಗೆ ತರಿಸಿಕೊಂಡು ಒಬ್ಬನೇ ಹೆಣೆಯುತ್ತಾನೆ. ಅಮ್ಮನಿಗೆ ಎಲ್ಲ ಗೊತ್ತಾಗಿದೆ, ಊರಿಗೇ ಗೊತ್ತಾದ ಮೇಲೆ.

"ನೀ ಹೇಳಿದ್ದು ಖರೆನೇಯಾ," ಎಂದಳು ಅಮ್ಮ ಪಾತ್ರೆ ತಿಕ್ಕುತ್ತಾ. "ಆದ್ರೆ ಅಂವ ಬಾಗ್ಲು ಮುಂದೆ ಮಾಡ್ಕಂಡು ತೋರ್ಸಿದ್ದಾ, ನೀ ಬಾಗ್ಲಲ್ಲಿ ನಿಂತು ಹೇಳ್ದೆ."

ಪರದೆ ಎಳೆಯಿರಿ ಎಂಬುದು ಆ ವಿಡಿಯೊದ ಮೂರನೇ ಮಾತು.

ಜೂನ್ 26

ಮಳೆ ಹೊಡೆಯುತ್ತಿತ್ತು. ಅಪ್ಪ ಜಗಲಿಯ ಆ ತುದಿಯಲ್ಲಿ ಬಲೆ ಹಿಡಿದು, ನಾನು ಈ ತುದಿಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆವು. ಹರ್ನಿಯಾ ಆಪರೇಶನ್ನಿನ ವಿಡಿಯೊ ಹಾಕಿಕೊಂಡಿದ್ದೆ. ಅಪ್ಪನಿಗೆ ತೋರಿಸಬೇಕೆಂದು ಹಾಕಿದ್ದಲ್ಲ. ಹಾಗೆ ಬರೆದರೆ ನಾನು ಜಾಣನಂತೆ ಕಾಣುತ್ತೇನೆ, ಆದರೆ ಸುಳ್ಳಾಗುತ್ತದೆ. ನನಗೇ ನೋಡಬೇಕೆನಿಸಿತ್ತು.

ಅಪ್ಪ ನೀರು ಕುಡಿಯಲು ಎದ್ದವನು ನನ್ನ ಹಿಂದೆ ನಿಂತ.

"ಅದೆಂತದು?"

ಒಂದು ವಾರದ ಮೇಲೆ ಬಂದ ಮಾತು. ನಾನು ತಿರುಗಲಿಲ್ಲ, ತಿರುಗಿದರೆ ಹೋಗಿಬಿಡುತ್ತಾನೆ ಎನಿಸಿತು.

"ಬಲೆ."

"ಹೊಟ್ಟೆ ಒಳಗೆ ಬಲೆಯಾ?"

"ಸಡಿಲಾದ ಜಾಗಕ್ಕೆ ಬಲೆ ತುಂಡು ಇಟ್ಟು ಹೊಲೀತ್ರು. ಮತ್ತೆ ಹೊರಗೆ ಬರೂಕೆ ಆಗೂದಿಲ್ಲ."

ಅಪ್ಪ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತ. ಮೊಬೈಲ್ ತನ್ನ ಕೈಗೆ ತೆಗೆದುಕೊಂಡ. ಮೀನು ಕೊಯ್ದ ಕೈ ಅವನದು, ರಕ್ತ ನೋಡಿ ಹೆದರುವವನಲ್ಲ. ಕೊಯ್ಯುವ ಭಾಗ ಹಾರಿಸಲೆಂದು ನಾನು ಬೆರಳು ಚಾಚಿದರೆ ಕೈ ತಳ್ಳಿದ. "ಮುಟ್ಬೇಡ. ಮೊದ್ಲಿಂದ ಹಾಕು." ಮೊದಲಿಂದ ಹಾಕಿದೆ. ಬಲೆ ಬಂದಲ್ಲಿ ನಿಲ್ಲಿಸಲು ಹೇಳಿದ.

"ಗಂಟೆಲ್ಲಿ? ಬಲೆ ಕಣ್ಣಿಗೆ ಗಂಟೇ ಇಲ್ಲ."

"ಮಶೀನ್ ಬಲೆ ಅದು."

"ಅಂಚು ಎಂತಕ್ಕೆ ಹಂಗೆ ಸಡ್ಲ ಬಿಟ್ಟಿದ್ರು?"

"ಗೊತ್ತಿಲ್ಲ ಅಪ್ಪಾ."

ಗೊತ್ತಿಲ್ಲ ಎಂದು ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅಪ್ಪ ಕೊನೆಯ ಹೊಲಿಗೆಯ ತನಕ ನೋಡಿದ. ಮೊಬೈಲ್ ಕೊಡುವಾಗ, "ಹೊಲಿಗೆ ಮಾತ್ರ ಹಾಕ್ತ್ರು ಹೇಳಿ ಅಂದ್ಕಂಡಿದ್ದೆ. ಬರೀ ಹೊಲ್ದದ್ದು ಎಳೆತಕ್ಕೆ ನಿಲ್ಲೂದಿಲ್ಲ," ಎಂದ.

ಆಗ ಕೇಳಿದೆ, "ಯಾವಾಗಿಂದ ಹಿಂಗೆ ಅಪ್ಪಾ?"

ಹಿಂದಿನ ಚೌತಿಯಿಂದ ಎಂದ. ಬಲೆ ಬಂಡೆಗೆ ಸಿಕ್ಕಿ, ಎಲ್ಲರೂ ಒಟ್ಟಿಗೆ ಎಳೆದಾಗ ಒಳಗೇನೋ ಬಿಟ್ಟಂತಾಯಿತಂತೆ. ಮೊದಲು ಗೋಟಡಿಕೆಯಷ್ಟು, ಈಗ ನಿಂಬೆಹಣ್ಣಿನಷ್ಟು. ರಾತ್ರಿ ಮಲಗಿದರೆ ಹೋಗುತ್ತದೆ, ಬೆಳಿಗ್ಗೆ ಎದ್ದರೆ ಬರುತ್ತದೆ. ಹೊಟ್ಟೆ ಕೊಯ್ಸಿಕೊಂಡವನೆಂದು ಗೊತ್ತಾದರೆ ತಾಂಡೇಲರು ಬೋಟಿನಿಂದ ಇಳಿಸಿ ಬೇರೆಯವರನ್ನು ಹತ್ತಿಸುತ್ತಾರೆ, ಅದಕ್ಕೇ ಯಾರಿಗೂ ಹೇಳಲಿಲ್ಲವಂತೆ. ಇಷ್ಟೆಲ್ಲ ಹೇಳಲು ಅಪ್ಪನಿಗೆ ಬಹಳ ಹೊತ್ತು ಬೇಕಾಯಿತು. ನಡುನಡುವೆ ಮಳೆಯನ್ನೇ ನೋಡುತ್ತಾ ನಿಲ್ಲಿಸುತ್ತಿದ್ದ. ನಾನು ಕುಳಿತೇ ಇದ್ದೆ.

"ಆ ಬಲೆ ಕೈಯಲ್ಲಿ ಹಿಡ್ದು ನೋಡೂಕೆ ಸಿಗ್ತದ್ಯಾ?" ಎಂದು ಕೊನೆಗೆ ಕೇಳಿದ.

ಜೂನ್ 30

ಕುಮಟೆಗೆ ಹೋದೆವು, ಸರ್ಜನ್ ಗುರುದತ್ತ ಡಾಕ್ಟರ ಹತ್ತಿರ. ಬಸ್ಸಿನಲ್ಲಿ ಅಪ್ಪ ಎರಡು ಸಲ, "ನಾ ಬಲೆ ನೋಡೂಕೆ ಮಾತ್ರ ಬಂದದ್ದು," ಎಂದ.

ಡಾಕ್ಟರು ಅಪ್ಪನನ್ನು ಮಾತಾಡಿಸಿದರು, ಪರದೆ ಎಳೆದರು, ನಿಲ್ಲಿಸಿದರು, ಕೆಮ್ಮಲು ಹೇಳಿದರು. ಎಲ್ಲ ವಿಡಿಯೊದಲ್ಲಿ ಇದ್ದ ಕ್ರಮದಲ್ಲೇ. ಬೆಂಡಿನ ಹಗ್ಗ ಬಿಚ್ಚಿ ಮೇಜಿನ ಮೇಲಿಟ್ಟು, "ಇದು ಇನ್ನು ಬಲೆಗೇ ಇರಲಿ," ಎಂದರು.

ಅವರು ಕೇಳದಿದ್ದರೂ ನಾನೇ ಹೇಳಿದೆ: "ನಾನೂ ನೋಡಿದ್ದೆ ಸರ್, ವಿಡಿಯೊ ನೋಡ್ಕಂಡು. ಎಂತ ಇಲ್ಲ ಹೇಳಿದ್ದೆ."

"ಮಲಗಿಸಿ ನೋಡಿದ್ಯಾ?"

"ಹೌದು."

"ನಾನೂ ಓದುವಾಗ ಹಾಗೇ ಮಾಡಿ ಬೈಸಿಕೊಂಡಿದ್ದೇನೆ. ಈಗ ನಿಲ್ಲಿಸಿ ನೋಡ್ತ್ಯಾ?"

ಗ್ಲೋವ್ಸಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ. "ನನ್ನನ್ನಲ್ಲ, ಅವರನ್ನು ಕೇಳು."

ಅಪ್ಪನನ್ನು ಕೇಳಿದೆ. "ಈಗ ಕೇಳ್ತ್ಯಾ?" ಎಂದ ಅಪ್ಪ. ನನ್ನತ್ತ ತಿರುಗಿ ನಿಂತು, "ಆತು, ನೋಡು," ಎಂದ.

ಬೆರಳಿಟ್ಟೆ. ಅಪ್ಪ ಕೆಮ್ಮಿದ. ಬೆರಳ ತುದಿಗೆ ಒಳಗಿನಿಂದ ಏನೋ ಮುಟ್ಟಿ ಹೋಯಿತು, ಗಾಳದ ದಾರಕ್ಕೆ ಮೀನು ಮೊದಲು ಬಾಯಿ ತಾಗಿಸಿದಂತೆ. ಎಷ್ಟು ವಿಡಿಯೊ ನೋಡಿದ್ದೇನೆ, ಇದು ಒಂದರಲ್ಲೂ ಇರಲಿಲ್ಲ.

ಆಮೇಲೆ ಡಾಕ್ಟರು ಬಲೆಯ ಒಂದು ತುಂಡು ತಂದು ಕೊಟ್ಟರು. ಅಪ್ಪ ಕಿಟಕಿಯ ಬೆಳಕಿಗೆ ಹಿಡಿದ, ಉದ್ದಕ್ಕೆ ಎಳೆದ, ಅಡ್ಡಕ್ಕೆ ಎಳೆದ, ಅಂಚನ್ನು ಉಗುರಿನಿಂದ ಕೆದಕಿದ.

"ಡಾಕ್ಟ್ರೇ, ಬಲೆ ನೀರಿಗೆ ಇಳ್ದ ಮೇಲೆ ಜಗ್ಗಿಕಂಡು ಸಣ್ಣ ಆಗ್ತದೆ. ಇದು?"

"ಇದೂ ಸ್ವಲ್ಪ ಕುಗ್ತದೆ ವೆಂಕಟರೇ. ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡದು ಇಡ್ತೇವೆ, ಬಿಗಿಯದೆ ಸಡಿಲ ಬಿಡ್ತೇವೆ."

ಅಪ್ಪ ನನ್ನತ್ತ ತಿರುಗಿ, ಅಂಚು ಸಡಿಲ ಬಿಟ್ಟದ್ದು ಅದಕ್ಕೇ ಎನ್ನುವಂತೆ ತಲೆ ಆಡಿಸಿದ. ತುಂಡನ್ನು ಮಡಿಸಿ ಮೇಜಿನ ಮೇಲಿಟ್ಟ. "ಯಾವಾಗ ಮಾಡ್ತ್ರಿ?"

"ಮುಂದಿನ ವಾರ. ಆದ್ರೆ ಚೌತಿ ತನಕ ಬಲೆ ಎಳೆಯೂ ಹಾಗಿಲ್ಲ."

ಅಪ್ಪ ಎದ್ದು ನಿಂತ. ಆಗಸ್ಟಿಗೆ ಬೋಟು ಹೊರಡುತ್ತದೆ, ಚೌತಿ ಬರುವುದು ತಿಂಗಳ ಕೊನೆಗೆ. ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಬೆರಳು ಮಡಿಸುತ್ತಾ ವಾರ ಎಣಿಸಿದ. ಬೆಂಡು ಅಪ್ಪನ ಕೈಚೀಲದಲ್ಲಿತ್ತು.

ಜುಲೈ 1

ನಾಗಪತಿ ತಾಂಡೇಲರ ಮನೆಗೆ ಹೋದೆ. ಹೋಗುವ ಮೊದಲು ಅಪ್ಪನನ್ನು ಕೇಳಿದೆ: "ತಾಂಡೇಲರ ಹತ್ರ ಮಾತಾಡ್ಲಾ?" ಅಪ್ಪ ಬೇಡ ಎನ್ನಲಿಲ್ಲ. ಇನ್ನೊಮ್ಮೆ ಕೇಳಿದೆ. "ಹೇಳು. ಆದ್ರೆ ಅಂಗಳದಲ್ಲಿ ನಿಂತು ಹೇಳ್ಬೇಡ," ಎಂದ.

ಒಳಗೆ ಕುಳಿತು ಹೇಳಿದೆ. ಚೌತಿಯ ತನಕ ಅಪ್ಪನ ಜಾಗಕ್ಕೆ ನಾನು ಬರುತ್ತೇನೆ, ಜಾಗ ಬೇರೆಯವರಿಗೆ ಕೊಡಬೇಡಿ ಎಂದೆ.

"ಎಷ್ಟು ಕೆಲಸ ಬಿಟ್ಟಿದ್ದೆ ಮಾರಾಯ ನೀನು?"

"ಬಿಟ್ಟದ್ದು ಮೂರು. ಬಿಡಿಸಿದ್ದು ಎರಡು."

ತಾಂಡೇಲರು ನಗಲಿಲ್ಲ. "ನಂಗೂ ಹೊಟ್ಟೆ ಕೊಯ್ದದೆ ಹೇಳಿ ನಿನ್ನ ಅಪ್ಪಂಗೆ ಗೊತ್ತಿಲ್ವಾ?" ಎಂದು ಅಂಗಿ ಎತ್ತಿ ಹೊಟ್ಟೆಯ ಬಲಗಡೆಯ ಹಳೆಯ ಗೀರು ತೋರಿಸಿದರು. ಅಪೆಂಡಿಕ್ಸಿನದು, ಸರಿಯಾದ ಜಾಗದಲ್ಲೇ ಇತ್ತು. "ಬಲೆ ಹರಿದ್ರೆ ರಿಪೇರಿ ಬರ್ತದ್ಯಾ ನಿಂಗೆ?"

"ಬರೂದಿಲ್ಲ. ಕಲೀತೆ."

"ಕಲ್ತು ಬಾ. ಆಮೇಲೆ ನೋಡ್ವ."

ಜುಲೈ 8

ಆಪರೇಶನ್ ಆಯಿತು. ಒಳಗೆ ನಿಂತು ನೋಡಬೇಕೆಂದು ಆಸೆಯಿತ್ತು. ಬಿಡಲಿಲ್ಲ, ಬಿಡಬಾರದು ಕೂಡ. ಹೊರಗೆ ಬೆಂಚಿನ ಮೇಲೆ ಅಮ್ಮನ ಜೊತೆ ಕುಳಿತಿದ್ದೆ. ಈಗ ಚರ್ಮ, ಈಗ ಅದರ ಕೆಳಗಿನ ಪದರ, ಈಗ ಬಲೆ ಎಂದು ಮನಸ್ಸಿನಲ್ಲೇ ನಡೆಸುತ್ತಿದ್ದೆ. ಒಳಗಿನವರಿಗಿಂತ ನಾನು ಬೇಗ ಮುಗಿಸಿಬಿಟ್ಟೆ. ಉಳಿದ ಹೊತ್ತು ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅಪ್ಪ ಎಚ್ಚರವಾಗಿಯೇ ಇದ್ದನಂತೆ. ಹೊರಗೆ ತಂದಾಗ ಮೊದಲು ಹೇಳಿದ ಮಾತು: "ಸಡಿಲ ಬಿಟ್ರ್ಯಾ ಹೇಳಿ ಕೇಳಿದ್ದೆ. ಬಿಟ್ರು."

ಜುಲೈ 15

ಅಪ್ಪ ಮಂಚದ ಮೇಲೆ, ನಾನು ಕೆಳಗೆ ಬಲೆ ಹರಡಿಕೊಂಡು. ದಿನವಿಡೀ ಇದೇ.

ಸರ್ಜರಿಯ ಗಂಟು ಹಾಕಬಲ್ಲ ಕೈಗೆ ಬಲೆಯ ಗಂಟು ಸುಲಭ ಎಂದುಕೊಂಡಿದ್ದೆ. ಒಂದು ಗಂಟು ಸುಲಭ. ಹರಿದ ಜಾಗದಲ್ಲಿ ಎಲ್ಲಿ ಕತ್ತರಿಸಿ ಎಲ್ಲಿಂದ ಶುರು ಮಾಡಬೇಕೆಂದು ನೋಡುವುದು ಕಷ್ಟ. ಅಪ್ಪ ಬೆರಳಿಂದ ತೋರಿಸುತ್ತಾನೆ. ತಪ್ಪಿದರೆ ಬೈಯುವುದಿಲ್ಲ, "ಬಿಚ್ಚು" ಎನ್ನುತ್ತಾನೆ ಅಷ್ಟೇ. ಇವತ್ತು ಎಷ್ಟು ಸಲ ಬಿಚ್ಚಿದೆನೋ ಲೆಕ್ಕವಿಲ್ಲ. ಸಂಜೆಯಾದದ್ದು ಅಮ್ಮ ದೀಪ ಹಚ್ಚಿದಾಗಲೇ ಗೊತ್ತಾಯಿತು. ವಿಡಿಯೊ ನೋಡಲಿಲ್ಲ.

ಜುಲೈ 27

ತಾಂಡೇಲರು ಮನೆಗೆ ಬಂದು ನಾನು ಹೆಣೆದ ಭಾಗವನ್ನು ಕೈಯಲ್ಲಿ ಹಿಡಿದು ಜಗ್ಗಿದರು. ಅಪ್ಪನ ಕಡೆ ನೋಡಿ, "ನಿನ್ನ ಬೆಂಡು ಎಲ್ಲಿ ವೆಂಕಟಣ್ಣ?" ಎಂದರು. ಅಪ್ಪ ಬಲೆಯ ಮೇಲಂಚಿನಲ್ಲಿ ಒಂದನ್ನು ತೋರಿಸಿದ. ಅದು ಒಂದೇ ಉಳಿದವುಗಳಿಗಿಂತ ಚಪ್ಪಟೆಯಾಗಿತ್ತು. ಇಬ್ಬರೂ ನಗುವುದನ್ನು ನೋಡಿ ಅಮ್ಮ ಅಡುಗೆಮನೆಯಿಂದ ಬಂದಳು.

ಇವತ್ತು ಮೀನಿನ ತಲೆ ಅಪ್ಪನ ಬಟ್ಟಲಿನಲ್ಲೇ ಇತ್ತು. ಅರ್ಧ ಮುರಿದು ನನಗೆ ಕೊಟ್ಟ.

ಆಗಸ್ಟ್ 4

ಬೋಟಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಓಲಾಡುತ್ತಿದೆ. ಅಳಿವೆ ದಾಟಿ ಆಯಿತು.

ಹೊರಡುವ ಮೊದಲು ಅಪ್ಪನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ. "ನೋಡ್ಲಾ?" ಎಂದೆ. ಅಪ್ಪ ತಾನೇ ನಿಂತುಕೊಂಡ. ಗಾಯ ಒಣಗಿದೆ, ಗೀರು ಮಾತ್ರ ಉಳಿದಿದೆ. ನೋವಿದೆಯಾ, ಎಲ್ಲಾದರೂ ಎಳೆಯುತ್ತದಾ ಎಂದು ಕೇಳಿದೆ. ಬೆಳಿಗ್ಗೆ ಏಳುವಾಗ ಚೂರು ಎಂದ. ಕೆಮ್ಮು ಎಂದೆ. ಕೆಮ್ಮಿದ. ಮತ್ತೊಮ್ಮೆ ಕೆಮ್ಮಿಸಿದೆ.

"ಎಂತ ಇಲ್ಯಾ?" ಎಂದ ಅಪ್ಪ.

"ನನ್ನ ಬೆರಳಿಗೆ ಎಂತ ಸಿಗ್ಲಿಲ್ಲ. ನಾಳೆ ಕುಮಟೆಗೆ ಹೋಗಿ ಡಾಕ್ಟ್ರಿಗೆ ತೋರ್ಸಿ ಬಾ."

ಬಂದರಿನ ತನಕ ಅಪ್ಪ ನಡೆದೇ ಬಂದ. ಬೋಟಿಗೆ ಬಲೆ ಏರಿಸುತ್ತಿದ್ದಾಗ ನನ್ನ ರಿಪೇರಿಯ ಭಾಗ ಬಂದಲ್ಲಿ ತಡೆದು ಬೆಳಕಿಗೆ ಹಿಡಿದ. ಎಂಜಿನ್ ಶುರುವಾಗಿತ್ತು. ಉಳಿದ ಬೋಟುಗಳು ಒಂದೊಂದಾಗಿ ಹೊರಡುತ್ತಿದ್ದವು. ಬಲೆಯ ಒಂದು ಕಣ್ಣಿಗೆ ಬೆರಳಿಟ್ಟು, "ಬಿಚ್ಚು," ಎಂದ.

ತಾಂಡೇಲರು ಮೇಲಿಂದ ಹಾರ್ನ್ ಹೊಡೆದರು. ಅಲ್ಲೇ ಬೋಟು ಕಟ್ಟುವ ಧಕ್ಕೆಯ ಮೇಲೆ ಕುಳಿತು ಗಂಟು ಬಿಚ್ಚಿದೆ, ಮತ್ತೆ ಹಾಕಿದೆ. ಅಪ್ಪ ಎಳೆದು ನೋಡಿ ಕೈ ಬಿಟ್ಟ. ಆಮೇಲೆ ಹತ್ತಿದೆ.